ಅಜ್ಜಿಬಂಡೆಯ ಗುಂಡಿ

ಒಂದು ಕಾಡಿನಲ್ಲಿ, ಕಾಡು ಅಂದರೆ ತೇಗ ಬಿದಿರಿನ ಕಾಡಲ್ಲ, ಮರಗಳೇ ಏದುಸಿರು ಬಿಟ್ಟು ಅರ್ಧ ಗುಡ್ಡಕ್ಕೇ ನಿಂತುಬಿಟ್ಟ ಹಿಮಾಲಯದ ಕಾಡಿನಲ್ಲಿ, ನೀಲಿಕುರಿಗಳ ಒಂದು ಹಿಂಡಿತ್ತು. ಹೆಸರಿಗೆ ನೀಲಿ, ಮೈಯೆಲ್ಲ ಬೂದಿ ಬಣ್ಣ. ಯಾಕೆ ಅಂತ ನನ್ನನ್ನು ಕೇಳಬೇಡಿ, ಹೆಸರಿಟ್ಟವರನ್ನು ಕೇಳಿ. ಹಿಂಡಿನಲ್ಲಿ ಹತ್ತೊಂಬತ್ತು ಕುರಿಗಳು. ಅವಕ್ಕೆಲ್ಲ ಹಿರಿಯಳು ನೀಲವ್ವ. ಎಲ್ಲಿ ಮೇಯಬೇಕು, ಯಾವಾಗ ದಾಟಬೇಕು, ಎಲ್ಲದಕ್ಕೂ ಅವಳದೇ ಮಾತು.

ಹಿಂಡು ಇದ್ದದ್ದು ಗುಡ್ಡದ ನೆರಳಿನ ಬದಿಯಲ್ಲಿ. ಎದುರಿಗೆ ಬಿಸಿಲುದಿಬ್ಬ. ಎರಡರ ನಡುವೆ ಬಿಳಿಜಾರು ಅನ್ನುವ ಕಡಿದಾದ ಇಳಿಜಾರು. ಬೇಸಿಗೆಯಲ್ಲಿ ಅದು ಬರೀ ಹುಲ್ಲು, ಮರಿಗಳೂ ಕುಣಿಯುತ್ತ ದಾಟುತ್ತಿದ್ದವು. ಚಳಿಗಾಲದಲ್ಲಿ ಹಾಗಲ್ಲ. ಹಿಮ ಹೊತ್ತು ಕೂತ ಬಿಳಿಜಾರು ಯಾವಾಗ ಮೈ ಕೊಡವುತ್ತದೋ ಹೇಳಲಿಕ್ಕೆ ಬರುವುದಿಲ್ಲ. ಕೊಡವಿತೋ, ಅದರ ಮೇಲೆ ಇದ್ದವರೆಲ್ಲ ಕಣಿವೆಗೆ ಉರುಳಿ ಹಿಮದಡಿ ಮುಚ್ಚಿಹೋಗುತ್ತಿದ್ದರು.

ಅದಕ್ಕೇ ಹಿಂಡಿನಲ್ಲಿ ಒಂದು ಪದ್ಧತಿ ಇತ್ತು. ಹಿಮಗಾಳಿ ನಿಂತ ಮೇಲೆ ಹಿರಿಯಳು ಅಜ್ಜಿಬಂಡೆ ಅನ್ನುವ ದೊಡ್ಡ ಬಂಡೆಯ ಪಕ್ಕದಲ್ಲಿ ನೆಲ ಸಿಗುವ ತನಕ ಗುಂಡಿ ತೋಡಬೇಕು. ಗುಂಡಿಯ ಗೋಡೆಯಲ್ಲಿ ಹಿಮದ ಪದರಗಳು ಕಾಣುತ್ತವೆ. ಅವನ್ನು ಮೂಸಬೇಕು, ಮುಟ್ಟಿ ನೋಡಬೇಕು. ಆಮೇಲೆ ಗೋಡೆಯ ಮೇಲಿನಿಂದ ಮುಂಗಾಲಲ್ಲಿ ಮೂರು ಒದೆ ಕೊಡಬೇಕು. ಪದರ ಜಾರಿ ಬಿದ್ದರೆ ಯಾರೂ ಕದಲಬಾರದು. ಜಾರದೆ ನಿಂತರೆ ಒಬ್ಬೊಬ್ಬರಾಗಿ ದಾಟಬಹುದು. ನೀಲವ್ವನ ಅಜ್ಜಿಯ ಅಜ್ಜಿಯೂ ಅಲ್ಲೇ ತೋಡಿದ್ದಳಂತೆ. ಅದಕ್ಕೇ ಬಂಡೆಗೆ ಆ ಹೆಸರು.

ಆ ವರ್ಷ ನಮ್ಮ ಲೆಕ್ಕದ ದೀಪಾವಳಿ ಹೊತ್ತಿಗೇ ತೆಳ್ಳಗೆ ಹಿಮ ಬಿತ್ತು. ಆಮೇಲೆ ತಿಂಗಳುಗಟ್ಟಲೆ ಒಂದು ಮೋಡವೂ ಇಲ್ಲ, ಬರೀ ಮೂಳೆ ಕೊರೆಯುವ ಚಳಿ. ಅದು ಮುಗಿಯುತ್ತಿದ್ದಂತೆ ಹಿಮಗಾಳಿ ಎದ್ದಿತು ನೋಡಿ! ಮೂರು ದಿನ ಸುರಿದೇ ಸುರಿಯಿತು. ನೀಲವ್ವ ಪ್ರತಿ ವರ್ಷದಂತೆ ಮುಳುಗುವ ಸೂರ್ಯನ ಕಡೆಗೆ ಬಾಲ ಮಾಡಿ ನಿಂತಳು. ಈ ಸಲ ಹಿಮ ಬಂದು ಅವಳ ಮುಖಕ್ಕೇ ರಪರಪ ಬಡಿಯಿತು. "ಇದೇನಪ್ಪ ಇದು, ಗಾಳಿಗೂ ಹುಚ್ಚು ಹಿಡೀತಾ?" ಎಂದು ಬೈದುಕೊಂಡು ತಿರುಗಿ ನಿಂತಳು. ಅಷ್ಟಕ್ಕೇ ಅದನ್ನು ಮರೆತಳು.

ನಾಲ್ಕನೆಯ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಬಿಸಿಲುದಿಬ್ಬದಲ್ಲಿ ಗಾಳಿ ಹಿಮವನ್ನೆಲ್ಲ ಗುಡಿಸಿ ಒಣಹುಲ್ಲು ಎದ್ದು ಕಾಣುತ್ತಿತ್ತು. ಈ ಬದಿಯಲ್ಲಿ ಒಂದು ಎಸಳೂ ಇರಲಿಲ್ಲ. ಕುರಿಗಳು ಬಂಡೆಯ ಮೇಲಿನ ಪಾಚಿಯನ್ನೂ ಕೆರೆದು ತಿಂದಾಗಿತ್ತು. ಅವುಗಳಲ್ಲಿ ನಾಲ್ಕು ಬಸುರಿಯರು. ಅವರ ಪಕ್ಕೆಲುಬು ಎಣಿಸಬಹುದಿತ್ತು. ನೀಲವ್ವ ಅವರನ್ನೇ ನೋಡಿದಳು. ಇವತ್ತಲ್ಲ ನಾಳೆ ದಾಟಲೇಬೇಕು. ತಪ್ಪಿ ದಾಟಿದರೆ ಹತ್ತೊಂಬತ್ತು ಜೀವವೂ ಹೋಗುತ್ತದೆ.

ಆಗ ಬಂದ ಕೆಂಚರಾಯ. ಕೆಂಚರಾಯ ಅಂದರೆ ನರಿ. ಬಾಲ ಪೊದೆಯಷ್ಟು, ಮಾತು ಬೆಣ್ಣೆಯಷ್ಟು.

"ಅಯ್ಯೋ ನೀಲವ್ವ, ಇದೇನು ಹೀಗೆ ಸೊರಗಿದ್ದೀಯ! ಮೂರು ದಿನ ನಿಮ್ಮದೇ ಚಿಂತೆ ನನಗೆ. ಕಣ್ಣಿಗೆ ನಿದ್ದೆ ಹತ್ತಲಿಲ್ಲ" ಎಂದ.

"ನಿನಗ್ಯಾಕಪ್ಪ ನಮ್ಮ ಚಿಂತೆ?" ಎಂದಳು ನೀಲವ್ವ.

"ನೆರೆಹೊರೆ ಅಂದಮೇಲೆ ಇರಬೇಡವಾ? ಅಲ್ನೋಡು ಹುಲ್ಲು, ಹೊಳೀತಿದೆ. ಹಾಗಂತ ನಾನು ಹೋಗು ಅನ್ನಲ್ಲ. ನಿಮ್ಮ ಪದ್ಧತಿ ನಿಮಗೆ ದೊಡ್ಡದು. ಅಜ್ಜಿಬಂಡೆ ಹತ್ತಿರ ಗುಂಡಿ ತೋಡು. ಅದು ಏನು ಹೇಳುತ್ತೋ ಹಾಗೆ ಮಾಡು."

ನರಿಯ ಬಾಯಲ್ಲಿ ಇಂಥ ಮಾತು ಕೇಳಿ ನೀಲವ್ವ ತುಸು ಬೆರಗಾದಳು. ಇವನು ಹೋಗು ಅಂದಿದ್ದರೆ ಅನುಮಾನ ಬರುತ್ತಿತ್ತು. ಪದ್ಧತಿ ಬಿಡಬೇಡ ಅನ್ನುತ್ತಿದ್ದಾನಲ್ಲ!

ಅವಳು ಅಜ್ಜಿಬಂಡೆಯ ಪಕ್ಕದಲ್ಲಿ ತೋಡಿದಳು. ನಾಲ್ಕು ಸಲ ಕೆರೆಯುವುದರಲ್ಲೇ ಗೊರಸಿಗೆ ನೆಲ ಸಿಕ್ಕಿತು. ಹಿಮ ಮೊಣಕಾಲು ಮಟ್ಟ ಮಾತ್ರ, ಅದೂ ಗಾಳಿಗೆ ಒತ್ತಿ ಗಟ್ಟಿಯಾದದ್ದು. ಒಂದು ಒದೆ ಕೊಟ್ಟಳು. ಎರಡು ಕೊಟ್ಟಳು. ಮೂರೂ ಕೊಟ್ಟಳು. ಗೋಡೆ ಅಲುಗಲೇ ಇಲ್ಲ.

"ಸರಿಯಿದೆ! ಹೊರಡೋಣ!" ಎಂದು ಕೂಗಿದ ಕೊಂಬಣ್ಣ. ಅವನು ಹಿಂಡಿನ ಟಗರು. ಕೊಂಬು ದೊಡ್ಡದು, ತಾಳ್ಮೆ ಚಿಕ್ಕದು.

ನೀಲವ್ವ ಮಾತ್ರ ಗುಂಡಿಯನ್ನೇ ನೋಡುತ್ತ ನಿಂತಳು. "ಮೂರು ದಿನ ಸುರಿದಿದೆ. ಪ್ರತಿ ವರ್ಷ ಇಲ್ಲಿ ನನ್ನ ಎದೆ ಮುಳುಗುತ್ತೆ. ಈ ಸಲ ಮೊಣಕಾಲು. ಮಿಕ್ಕ ಹಿಮ ಎಲ್ಲಿ ಹೋಯ್ತು?"

"ಕಡಿಮೆ ಬಿದ್ದಿದೆ, ನಿಮ್ಮ ಪುಣ್ಯ" ಎಂದ ಕೆಂಚರಾಯ. "ಅಜ್ಜಿಬಂಡೆ ಯಾವತ್ತಾದರೂ ಸುಳ್ಳು ಹೇಳಿದೆಯಾ?"

"ಇಲ್ಲ" ಎಂದಳು ನೀಲವ್ವ. "ಅಜ್ಜಿಬಂಡೆ ಯಾವತ್ತೂ ಸುಳ್ಳು ಹೇಳಿಲ್ಲ."

ಅಷ್ಟರಲ್ಲಿ ಬಿಳಿಜಾರಿನ ಅಂಚಿನ ಹಿಮ ಪಟಕ್ಕನೆ ಒಡೆದು ಒಂದು ಪುಟ್ಟ ತಲೆ ಹೊರಬಂತು. ಅವಳೇ ಚೋಟಮ್ಮ, ಇಲಿಮೊಲ. ಮೊಲದ ಜಾತಿ, ಇಲಿಯ ಗಾತ್ರ, ಬಾಲವೇ ಇಲ್ಲ. ಬೇಸಿಗೆಯಿಡೀ ಹುಲ್ಲು ಕೊಯ್ದು ಒಣಗಿಸಿ ಕಲ್ಲುಸಂದಿಯಲ್ಲಿ ಕೂಡಿಡುವುದು, ಚಳಿಗಾಲವಿಡೀ ಹಿಮದಡಿ ಸುರಂಗ ಕೊರೆದು ಓಡಾಡುವುದು, ಇದೇ ಅವಳ ಸಂಸಾರ. 

"ನೀಲವ್ವ, ಬೇಡ! ಕಾಲಿಡಬೇಡ! ಬಿಳಿಜಾರಿನ ತಳ ಸರಿಯಿಲ್ಲ. ಮೊದಲು ಬಿದ್ದ ಹಿಮ ಚಳಿಗೆ ಕಾಳುಕಾಳಾಗಿ ಸಕ್ಕರೆ ಥರ ಆಗಿದೆ. ನನ್ನ ಸುರಂಗದ ಗೋಡೆ ನಿಲ್ತಾ ಇಲ್ಲ, ಮುಟ್ಟಿದರೆ ಸುರಿಯುತ್ತೆ. ಅದರ ಮೇಲೆ ಈ ಹೊಸ ಹಿಮದ ಭಾರ! ಈಗ ತಾನೇ ಧುಸ್ ಅಂತ ಸದ್ದಾಯ್ತು. ನನ್ನ ಚಾವಣಿ ಪೂರ್ತಿ ಒಂದು ಬೆರಳು ಕೆಳಗೆ ಕೂತಿತು. ಸಾಸಿವೆ ಚೆಲ್ಲಿದ ನೆಲದ ಮೇಲೆ ಮಣೆ ಇಟ್ಟ ಹಾಗಿದೆ ಕಣೇ. ಕೂತರೆ ಜಾರುತ್ತೆ!"

ಕುರಿಗಳು ಮುಖ ಮುಖ ನೋಡಿಕೊಂಡವು. ಕೆಂಚರಾಯ ಮಾತ್ರ ಕಿಸಕ್ಕನೆ ನಕ್ಕ.

"ಪಾಪ, ಅವಳ ಕಷ್ಟ ಅವಳಿಗೆ. ಅವಳ ಹುಲ್ಲಿನ ಮೆದೆ ಎಲ್ಲಿದೆ ಗೊತ್ತಾ? ಅರ್ಧ ಆ ಕಡೆಯ ಬಿಸಿಲುದಿಬ್ಬದ ಕಲ್ಲುಸಂದಿಯಲ್ಲಿ. ನೀವು ಹತ್ತೊಂಬತ್ತು ಜನ ಹೋದರೆ ಮೆದೆ ಉಳಿಯುತ್ತಾ? ಅದಕ್ಕೇ ಈ ಸಕ್ಕರೆ, ಸಾಸಿವೆ ಕಥೆ."

"ಥೂ, ಹುಲ್ಲುಜಿಪುಣಿ!" ಎಂದ ಕೊಂಬಣ್ಣ. ಕುರಿಗಳೆಲ್ಲ ಗೊಳ್ಳೆಂದು ನಕ್ಕವು. ಹಸಿದ ಹೊಟ್ಟೆಗೆ ಎಂಥ ಮಾತೂ ನಿಜ ಅನ್ನಿಸುತ್ತದೆ ನೋಡಿ. ಚೋಟಮ್ಮನ ಕಣ್ಣಲ್ಲಿ ನೀರು ತುಂಬಿತು.

"ಸುಮ್ಮನೆ ಬಾಯಿಮಾತು ಯಾಕೆ? ನಾನೇ ದಾಟಿ ತೋರಿಸ್ತೀನಿ" ಎಂದು ಕೆಂಚರಾಯ ಬಿಳಿಜಾರಿನ ಮೇಲೆ ಇಳಿದೇಬಿಟ್ಟ. ಹಗುರ ಮೈ, ಹತ್ತಿಯಂಥ ಹೆಜ್ಜೆ. ನಡುವಿನವರೆಗೆ ಹೋದ. ಬಾಲ ಬೀಸಿದ. ತಿರುಗಿ ಬಂದ. ಹಿಮ ಮಿಸುಕಲಿಲ್ಲ.

"ನೋಡಿದಿರಾ? ಇನ್ನೇನು ಬೇಕು? ಒಬ್ಬೊಬ್ಬರೇ ಹೋದರೆ ಸಂಜೆಯಾಗುತ್ತೆ, ಬಸುರಿಯರು ಪಾಪ ಹಸಿದಿದ್ದಾರೆ. ಎಲ್ಲ ಒಟ್ಟಿಗೆ ಹೋಗಿಬಿಡಿ. ನಾನು ಕೆಳಗೆ ಕೂತು ಕಾಯ್ತಾ ಇರ್ತೀನಿ. ಯಾರಾದರೂ ಕಾಲು ಜಾರಿದರೆ ಹಿಡಿದುಕೊಳ್ಳೋದಕ್ಕೆ ಒಬ್ಬರು ಬೇಕಲ್ಲ!" ಎಂದು ಅವನು ಬದಿಯ ಬಂಡೆಗಳ ಮೇಲೆ ನೆಗೆಯುತ್ತ ಕೆಳಗಿಳಿದು ಹೋದ.

ಕುರಿಗಳು ಎದ್ದು ನಿಂತವು. ನೀಲವ್ವ ಮುಂದೆ ಬಂದಳು. ಬಿಳಿಜಾರಿನ ಅಂಚಿಗೆ ಬಂದು ಮುಂಗಾಲು ಎತ್ತಿದಳು. ಎತ್ತಿದ ಕಾಲು ಹಾಗೇ ನಿಂತಿತು.

ಹಿಮದ ಮೇಲೆ ನರಿಯ ಹೆಜ್ಜೆಗಳಿದ್ದವು. ಒಂದೇ ಒಂದು ಸಾಲು. ಹೋದದ್ದು ಒಂದು ಸಲ, ಬಂದದ್ದು ಒಂದು ಸಲ. ಎರಡು ಸಾಲು ಇರಬೇಕಿತ್ತಲ್ಲ! ನೀಲವ್ವ ಬಗ್ಗಿ ನೋಡಿದಳು. ಬರುವಾಗ ಕೆಂಚರಾಯ ಹೋದ ಗುರುತಿನಲ್ಲೇ, ಒಂದು ಉಗುರಿನಷ್ಟೂ ಆಚೀಚೆ ಆಗದಂತೆ, ಪಾದ ಇಟ್ಟುಕೊಂಡು ಬಂದಿದ್ದ. ಹಿಮವನ್ನು ನಂಬಿದವನು ಹೀಗೆ ನಡೆಯುತ್ತಾನಾ? ಅವಳು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು.

"ಚೋಟಮ್ಮ, ಕೆಂಚರಾಯ ಎಲ್ಲಿ ಕೂತಿದ್ದಾನೆ ನೋಡು" ಎಂದಳು ಮೆಲ್ಲಗೆ.

"ಇನ್ನೆಲ್ಲಿ? ಆ ಬಿಳಿ ತೊಗಟೆಯ ಒಂಟಿ ಭೂರ್ಜಮರದ ಕೆಳಗೆ" ಎಂದಳು ಚೋಟಮ್ಮ, ಮೂಗೊರೆಸಿಕೊಳ್ಳುತ್ತ. "ಹಿಮ ಜಾರಿದಾಗೆಲ್ಲ ಆ ಮರಕ್ಕಿಂತ ತುಸು ಮೇಲೇ ಬಂದು ನಿಲ್ಲುತ್ತೆ. ಅಲ್ಲಿ ಕೂತರೆ ಬಡಿಸಿದ ಎಲೆಯ ಮುಂದೆ ಕೂತ ಹಾಗೆ. ಹೋದ ವರ್ಷವೂ ಅಲ್ಲೇ ಕೂತಿದ್ದ."

"ಹೋದ ವರ್ಷ ಏನು?"

"ಕಸ್ತೂರಿಮೃಗದ ಸಂಸಾರ ಜಾರಿಹೋಯ್ತಲ್ಲ, ತಾಯಿ, ತಂದೆ, ಎರಡು ಮಕ್ಕಳು. ಚಳಿಗಾಲ ಮುಗಿಯೋತನಕ ಇವನು ದಿನಾ ಒಂದಿಷ್ಟು ತೋಡಿ ತಿಂದ. ನನ್ನ ಸುರಂಗಕ್ಕೆ ಮೂಳೆ ಕಡಿಯೋ ಸದ್ದು ಕೇಳ್ತಿತ್ತು."

ನೀಲವ್ವ ಚೋಟಮ್ಮನ ಕಡೆಗೆ ತಿರುಗಿದಳು.  "ಅವರು... ಅವರು ಪಕ್ಕದ ಕಣಿವೆಗೆ ಹೋದರು ಅಂತ ಕೆಂಚರಾಯ ಹೇಳಿದ್ದ. ನೀನ್ಯಾಕೆ ಹೇಳಲಿಲ್ಲ?"

"ನನ್ನನ್ನು ಕೇಳಿದವರು ಯಾರು?" ಎಂದಳು ಚೋಟಮ್ಮ.

ಹಿಂದಿನಿಂದ ಕೊಂಬಣ್ಣ ಕೂಗಿದ. "ಏನು ನಿಂತೇಬಿಟ್ಟೆ? ಹೊಟ್ಟೆ ಚುರುಗುಟ್ಟುತ್ತಾ ಇದೆ! ಅಜ್ಜಿಬಂಡೆ ಸರಿ ಅಂದಮೇಲೆ ಇನ್ನೇನು ಯೋಚನೆ?"

ಅಜ್ಜಿಬಂಡೆ! ನೀಲವ್ವ ತಿರುಗಿ ನೋಡಿದಳು. ಮೂರು ದಿನ ತನ್ನ ಮುಖಕ್ಕೆ ಬಡಿದ ಗಾಳಿ ಈಗ ನೆನಪಾಯಿತು. ಗಾಳಿ ಈ ಸಲ ತಿರುಗಿ ಬೀಸಿದೆ. ಬಂಡೆಯ ಪಕ್ಕದ ಹಿಮವನ್ನೆಲ್ಲ ಗುಡಿಸಿದೆ. ಗುಡಿಸಿ ತಂದು ಬಿಳಿಜಾರಿನ ಮೇಲೆ ಸುರಿದಿದೆ. ತಾನು ಹೋಗಿ ಖಾಲಿ ಜಾಗದಲ್ಲಿ ಗುಂಡಿ ತೋಡಿ, ಒದ್ದು, ಸರಿಯಿದೆ ಅಂದುಕೊಂಡು ಬಂದಿದ್ದೇನೆ! ಕೆಂಚರಾಯನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಅಲ್ಲಿ ತೋಡು ಅಂದಿದ್ದ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಹತ್ತೊಂಬತ್ತು ಜೀವವನ್ನು ತಾನೇ ಕೊಂಡೊಯ್ದು ಅವನ ಎಲೆಗೆ ಬಡಿಸುತ್ತಿದ್ದೆ ಅನ್ನಿಸಿ ಅವಳು ಹಿಂಡಿಗೆ ಅಡ್ಡ ನಿಂತಳು.

"ಎಲ್ಲರೂ ಹಿಂದೆ ಹೋಗಿ" ಎಂದಳು. "ಬಂಡೆಯ ಹಿಂದೆ. ಈಗಲೇ."

"ಅಲ್ಲ, ಗುಂಡಿ ಆಗಲೇ..."

"ಕೊಂಬಣ್ಣ, ಹೋಗು ಅಂದೆ!"

ನೀಲವ್ವ ಹೀಗೆ ಗದರಿದ್ದು ಯಾರೂ ಕೇಳಿರಲಿಲ್ಲ. ಕೊಂಬಣ್ಣ ಉಳಿದವರನ್ನೂ ಕರೆದುಕೊಂಡು ಬಂಡೆಯ ಹಿಂದೆ ಹೋದ. ಚೋಟಮ್ಮ ಹಾರಿ ಬಂದು ನೀಲವ್ವನ ಬೆನ್ನ ಮೇಲೆ ಹತ್ತಿ ಕೂತಳು.

ನೀಲವ್ವ ಹಿಂಗಾಲುಗಳನ್ನು ಗಟ್ಟಿ ಕಲ್ಲಿನ ಮೇಲೆ ಊರಿಕೊಂಡಳು. ಬಿಳಿಜಾರಿನ ಅಂಚಿನಲ್ಲೇ ತೋಡತೊಡಗಿದಳು. ಅವಳ ಅಜ್ಜಿಯಾಗಲಿ, ಅಜ್ಜಿಯ ಅಜ್ಜಿಯಾಗಲಿ ಎಂದೂ ತೋಡದ ಜಾಗ ಅದು. ಹಿಮ ಮೊಣಕಾಲು ದಾಟಿತು. ಎದೆ ದಾಟಿತು. ಭುಜ ಮುಳುಗಿತು. ಇನ್ನೂ ನೆಲ ಸಿಗಲಿಲ್ಲ. ಕೊನೆಗೆ ಗೊರಸಿಗೆ ಏನೋ ಕರಕರ ಅಂತು. ಬಗ್ಗಿ ನೋಡಿದರೆ ಸಕ್ಕರೆ! ಹಿಡಿಹಿಡಿಯಾಗಿ ಸುರಿಯುವ ಬಿಳಿ ಕಾಳು. ಅದರ ಮೇಲೆ ಒಂದಾಳುದ್ದದ ಹೊಸ ಹಿಮ, ಹಲಗೆ ಹಾಗೆ ಕೂತಿತ್ತು.

"ನಾ ಹೇಳಲಿಲ್ಲವಾ?" ಎಂದು ಪಿಸುಗುಟ್ಟಿದಳು ಚೋಟಮ್ಮ.

ನೀಲವ್ವ ಮೇಲೆ ಬಂದು ಮತ್ತೆ ಹಿಂಗಾಲುಗಳನ್ನು ಕಲ್ಲಿಗೆ ಊರಿಕೊಂಡಳು. ಗೋಡೆಯ ಮೇಲಿನಿಂದ ಒಂದು ಒದೆ ಕೊಟ್ಟಳು. ಮೂರು ಬೇಕಾಗಲಿಲ್ಲ.

ಧುಸ್!

ಗುಡ್ಡವೇ ಉಸಿರು ಬಿಟ್ಟಂತೆ ಸದ್ದಾಯಿತು. ನೀಲವ್ವನ ಎರಡು ಮುಂಗಾಲುಗಳ ನಡುವೆ ಒಂದು ಗೀರು ಬಿತ್ತು. ಗೀರು ಸರ್ರನೆ ಓಡಿತು, ಬಿಳಿಜಾರಿನ ಈ ತುದಿಯಿಂದ ಆ ತುದಿಯವರೆಗೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಇಡೀ ಇಳಿಜಾರು, ಇಡೀ ಇಳಿಜಾರು ಕಣ್ರೀ, ತುಂಡುತುಂಡಾಗಿ ಒಡೆದು ಹೊರಟೇಬಿಟ್ಟಿತು. ನೀಲವ್ವನ ಮುಂಗಾಲ ಕೆಳಗಿನ ಹಿಮವೂ ಹೋಯಿತು. ಅವಳು ಮುಗ್ಗರಿಸಿ ಬಿದ್ದಳು, ಬೆನ್ನ ಮೇಲಿನ ಚೋಟಮ್ಮ ಅವಳ ಕತ್ತನ್ನು ತಬ್ಬಿಕೊಂಡಳು. ಹಿಂಗಾಲು ಕಲ್ಲನ್ನು ಕಚ್ಚಿಕೊಂಡಿದ್ದವೋ ಸರಿ, ಇಲ್ಲದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಕೊಂಬಣ್ಣ ಓಡಿ ಬಂದು ಅವಳ ಬೆನ್ನ ಕೂದಲು ಕಚ್ಚಿ ಹಿಂದಕ್ಕೆಳೆದ.

ಬಿದ್ದಲ್ಲಿಂದಲೇ ನೀಲವ್ವ ಕೆಳಗೆ ನೋಡಿದಳು. ಭೂರ್ಜಮರದ ಕೆಳಗೆ ಕೆಂಪು ಚುಕ್ಕೆಯಂತೆ ಕೂತಿದ್ದ ಕೆಂಚರಾಯ. ಹಿಮದ ಅಲೆ ಅವನ ಕಡೆಗೇ ಉರುಳುತ್ತಿತ್ತು. ಅವಳಿಗೆ ಏನಾಯಿತೋ ಏನೋ, ತಿನ್ನಲು ಕಾದು ಕೂತವನಿಗೇ ಗಂಟಲು ಹರಿಯುವಂತೆ ಕೂಗಿದಳು.

"ಓಡೋ ಕೆಂಚರಾಯ! ಓಡು!"

ಕೆಂಚರಾಯ ಏಳಲೇ ಇಲ್ಲ. ತಲೆಯೆತ್ತಿ ನಗುತ್ತಲೇ ಉತ್ತರ ಕೊಟ್ಟ. "ಯಾಕೆ ಓಡಲಿ? ಇದು ಯಾವತ್ತೂ ಮರ ದಾಟಿಲ್ಲ! ಇಲ್ಲೇ ನಿಲ್ಲುತ್ತೆ!"

ಅಲೆ ಪ್ರತಿ ವರ್ಷ ನಿಲ್ಲುವ ಜಾಗಕ್ಕೆ ಬಂತು. ನಿಲ್ಲಲಿಲ್ಲ. ಆ ವರ್ಷ ಬಿಳಿಜಾರಿನ ಮೇಲೆ ಗಾಳಿ ತಂದು ಸುರಿದ ಹಿಮವೂ ಇತ್ತಲ್ಲ, ಅದು ಎರಡರಷ್ಟಿತ್ತು. ಕೆಂಚರಾಯನ ನಗು ಬಾಯಲ್ಲೇ ಉಳಿಯಿತು. ಕಣ್ಣು ದೊಡ್ಡದಾಯಿತು. ಎದ್ದು ಒಂದು ನೆಗೆತ ನೆಗೆದ, ಅಷ್ಟೇ. ಮರ ಲಟಕ್ಕನೆ ಮುರಿದ ಸದ್ದು ಮೇಲಿನವರೆಗೂ ಕೇಳಿಸಿತು.

ಹಿಮದ ಧೂಳು ಇಳಿದಾಗ ಅಲ್ಲಿ ಮರವೂ ಇರಲಿಲ್ಲ, ನರಿಯೂ ಇರಲಿಲ್ಲ.

ಕುರಿಗಳು ಬಂಡೆಯ ಹಿಂದಿನಿಂದ ಒಂದೊಂದಾಗಿ ಬಂದವು.  ಕೆಳಗೆ ನೋಡುತ್ತ ನಿಂತವು. ಒಂದು ಬಸುರಿ ಕುರಿ ಮೆಲ್ಲಗೆ ಅಳತೊಡಗಿತು.

ನೀಲವ್ವ ತಿರುಗಿದ ಗಾಳಿಯ, ನರಿಯ ಹೆಜ್ಜೆಗಳ, ಕಸ್ತೂರಿಮೃಗಗಳ ಸಂಗತಿಯನ್ನೆಲ್ಲ ಹೇಳಿದಳು. ಕೊಂಬಣ್ಣ ತಲೆ ಕೊಡವಿದ. "ಅಷ್ಟು ಜಾಣ... ಗಾಳಿ ತಿರುಗಿದ್ದು ಅವನಿಗೆ ಗೊತ್ತಿತ್ತು. ಹಿಮ ಎಲ್ಲಿ ತುಂಬಿದೆ ಅನ್ನೋದೂ ಗೊತ್ತಿತ್ತು. ಆದರೂ ಅಲ್ಲೇ ಕೂತನಲ್ಲ! ಎಂಥ ಪೆದ್ದ!"

"ಪೆದ್ದ ಅನ್ನಬೇಡ" ಎಂದಳು ನೀಲವ್ವ.  "ಅವನು ಕೂಗಿದ್ದು ಕೇಳಿದೆಯಾ? ಯಾವತ್ತೂ ಮರ ದಾಟಿಲ್ಲ ಅಂದ. ಬೆಳಿಗ್ಗೆ ನಾನು ಏನಂದೆ? ಅಜ್ಜಿಬಂಡೆ ಯಾವತ್ತೂ ಸುಳ್ಳು ಹೇಳಿಲ್ಲ ಅಂದೆ. ಎರಡೂ ಒಂದೇ ಮಾತು ಕಣೋ. ಅವನು ಮರ ನಂಬಿದ, ನಾನು ಬಂಡೆ ನಂಬಿದೆ. ನಾನು ಉಳಿದದ್ದು ಈ ಬೆರಳುದ್ದದವಳು ಬೇಡ ಅಂದದ್ದಕ್ಕೆ."

ಕೊಂಬಣ್ಣ ತಲೆ ತಗ್ಗಿಸಿದ. ಚೋಟಮ್ಮನ ಕಡೆ ನೋಡಲು ಅವನಿಗೆ ಮುಖವಿರಲಿಲ್ಲ.

ಬಿಳಿಜಾರಿನಲ್ಲಿ ಅಲ್ಲಲ್ಲಿ ಹಿಮ ಇನ್ನೂ ನೇತಾಡುತ್ತಿತ್ತು. ಅದು ಇಳಿಯಲಿ ಎಂದು ನೀಲವ್ವ ಎರಡು ದಿನ ಯಾರನ್ನೂ ಕದಲಗೊಡಲಿಲ್ಲ. ಆ ಎರಡು ದಿನ ಹಿಂಡು ಬದುಕಿದ್ದು ಹೇಗೆ ಗೊತ್ತೇ? ಚೋಟಮ್ಮ ಈ ಬದಿಯ ಕಲ್ಲುಸಂದಿಯಿಂದ ತನ್ನ ಹುಲ್ಲನ್ನು ಬಾಯಲ್ಲಿ ಕಚ್ಚಿಕೊಂಡು ತಂದು ತಂದು ಹಾಕಿದಳು. ಮೊದಲು ನಾಲ್ಕು ಬಸುರಿಯರಿಗೆ, ಆಮೇಲೆ ಮಿಕ್ಕವರಿಗೆ. ಹಳದಿ ಹೂವು ಸಮೇತ ಒಣಗಿಸಿದ ಘಮಘಮ ಹುಲ್ಲು. ಕಡೆಯ ಎಸಳನ್ನು ಅವಳು ಕೊಂಬಣ್ಣನ ಮುಂದೆ ಇಟ್ಟಳು.

"ತಗೋ, ಹುಲ್ಲುಜಿಪುಣಿ ಕೊಟ್ಟಿದ್ದು" ಎಂದಳು.

ಕೊಂಬಣ್ಣ ಅದನ್ನು ಮತ್ತೆ ಅವಳ ಕಡೆಗೇ ತಳ್ಳಿದ. ಅತ್ತುಬಿಟ್ಟ, ಅಷ್ಟು ದೊಡ್ಡ ಕೊಂಬು ಇಟ್ಟುಕೊಂಡು.

ಮೂರನೆಯ ದಿನ ನೀಲವ್ವ ಬಿಳಿಜಾರಿನ ಅಂಚಿನಲ್ಲಿ ಮತ್ತೆ ತೋಡಿದಳು. ಹತ್ತು ಹೆಜ್ಜೆ ಮೇಲೆ ಹೋಗಿ ಇನ್ನೊಂದು ಸಲ ತೋಡಿದಳು. ಅಳಿದುಳಿದ ಹಿಮ ಗಟ್ಟಿಯಾಗಿತ್ತು. ಅದಾದ ಮೇಲೂ ಅವಳು ಹೊರಡಲಿಲ್ಲ. ಬಗ್ಗಿ ಹಿಮಕ್ಕೆ ಬಾಯಿಟ್ಟು ಕೇಳಿದಳು.

"ಚೋಟಮ್ಮ, ನಿನ್ನ ಚಾವಣಿ ಏನನ್ನುತ್ತೆ?"

ಒಳಗಿನಿಂದ ಸಣ್ಣ ದನಿ ಬಂತು. "ಇವತ್ತು ಗಟ್ಟಿಯಾಗಿದೆ. ಒಬ್ಬೊಬ್ಬರೇ ಬನ್ನಿ."

ಹತ್ತೊಂಬತ್ತು ಕುರಿಗಳೂ ಒಂದರ ನಂತರ ಒಂದು ಬಿಸಿಲುದಿಬ್ಬಕ್ಕೆ ದಾಟಿದವು. ಕೊನೆಗೆ ದಾಟಿದ ನೀಲವ್ವ ನಡುವೆ ಒಮ್ಮೆ ನಿಂತು ಕೆಳಗೆ ನೋಡಿದಳು. ಮುರಿದ ಭೂರ್ಜಮರದ ಬಿಳಿ ಕೊಂಬೆಯೊಂದು ಹಿಮದಿಂದ ಹೊರಗೆ ಚಾಚಿತ್ತು. ಅದಕ್ಕೆ ಒಂದು ಹಿಡಿ ಕೆಂಪು ಕೂದಲು ಸಿಕ್ಕಿಕೊಂಡು ಗಾಳಿಗೆ ಅಲ್ಲಾಡುತ್ತಿತ್ತು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ಅವಳು ಮುಂದೆ ನಡೆದಳು.

ನೀತಿ: ನಿನ್ನೆ ಕಾಪಾಡಿದ ಜಾಗ ಇವತ್ತೂ ಕಾಪಾಡುತ್ತದೆ ಎಂದು ಕಣ್ಣು ಮುಚ್ಚಿ ನಂಬಬಾರದು. ಅಪಾಯವನ್ನು ಅದು ಇರುವಲ್ಲೇ ಹೋಗಿ ಪರೀಕ್ಷಿಸಬೇಕು, ಬೇಡ ಅನ್ನುವವರು ಎಷ್ಟೇ ಚಿಕ್ಕವರಾದರೂ ಅವರ ಮಾತು ಕೇಳಬೇಕು. ಇನ್ನೊಬ್ಬರ ಸಾವಿಗೆ ಕಾದು ಕೂತವನು ತಾನು ಕೂತ ಜಾಗವನ್ನೇ ನೋಡಿಕೊಳ್ಳಲು ಮರೆಯುತ್ತಾನೆ.